ನಿಮಗಿದು ಗೊತ್ತೆ? ಮಾನಸಗಂಗೋತ್ರಿಯ ಮೇಷ್ಟ್ರು

● ಮೈಸೂರಿನ ಕುವೆಂಪುನಗರಕ್ಕೆ ಹತ್ತಿರದ ಮೈಸೂರು ವಿಶ್ವವಿದ್ಯಾಲಯದ (ವಿ.ವಿ.) ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರು ಕುವೆಂಪು.

● ಮೈಸೂರು ವಿ.ವಿ.ಯಲ್ಲಿ ಇತಿಹಾಸ ಕಲಿಸಿದ ಪ್ರೊ. ಬಿ. ಷೇಕ್ ಅಲಿ 1980ರಲ್ಲಿ ಮಂಗಳೂರು ವಿ.ವಿ.ಯ, 1985ರಲ್ಲಿ ಗೋವಾ ವಿ.ವಿ.ಯ ಮೊದಲ ಕುಲಪತಿಯಾದರು. ಹೈದರ್, ಟಿಪ್ಪು ಕುರಿತ ಸಂಶೋಧನೆಯ ಜೊತೆಗೆ ಇಸ್ಲಾಂ ಸಂಸ್ಕೃತಿಯ ಬಗೆಗೂ ಬರೆದರು. 2022ರಲ್ಲಿ ನಿಧನರಾದರು.

● ಮೈಸೂರು ವಿ.ವಿ.ಯಲ್ಲೇ ಎಂ.ಎ. ಓದಿದ ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’ ಬರೆದು ನಾಡಿನ ಸೂಫಿ ಪರಂಪರೆಯನ್ನು ಕನ್ನಡಿಗರಿಗೆ ಪರಿಚಯಿಸಿದರು. ‘ಕತ್ತಿಯಂಚಿನ ದಾರಿ’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

● ಚಾಂದ್ರಮಾನದ ಹಿಜರಿ ವರ್ಷ ನಾವು ದಿನವೂ ಬಳಸುವ ಇಂಗ್ಲಿಷ್ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಉಪವಾಸದ ತಿಂಗಳಾದ ರಂಜಾನ್ ವರ್ಷವರ್ಷವೂ ಹಿಂದಕ್ಕೆ ಸರಿದು, ಕೆಲವೊಮ್ಮೆ ವಿ.ವಿ. ಪರೀಕ್ಷೆಯ ಹೊತ್ತಿಗೇ ಬರುತ್ತದೆ. ಆಗ ಉಪವಾಸವಿರುವ ವಿದ್ಯಾರ್ಥಿಗಳು ಹಗಲಿಡೀ ನೀರೂ ಕುಡಿಯದೆ ಉತ್ತರ ಬರೆಯುತ್ತಾರೆ.