ಹನಿ ಬಿದ್ದ ಜಾಗ

ಸಕಲೇಶಪುರದಿಂದ ಶಿರಾಡಿ ಘಾಟಿಯ ಕಡೆಗೆ ಹೊರಟ ದಾರಿಯಲ್ಲಿ, ಹಲಸಿನ ಮರವೊಂದರ ನೆರಳಿಗೆ ಆತುಕೊಂಡಂತೆ ಒಂದು ತಗಡಿನ ಮಾಡಿನ ಗ್ಯಾರೇಜು. ಹೂಮಳೆ ಬಿದ್ದು ವಾರವಾಗಿದೆ. ತೋಟಗಳೆಲ್ಲ ಬೆಳ್ಳಗೆ ಅರಳಿ, ಕಾಫಿ ಹೂವಿನ ಘಮ ರಸ್ತೆಯವರೆಗೂ ಬಂದು, ಇಲ್ಲಿಯ ಗ್ರೀಸು, ಸೀಮೆಎಣ್ಣೆ, ಬಿಸಿ ರಬ್ಬರಿನ ವಾಸನೆಯ ಜೊತೆ ಬೆರೆತಿದೆ. ಹುಡುಗ ಗುಡಿಸಿ ನೀರು ಚಿಮುಕಿಸಿದ ನೆಲ ಇನ್ನೂ ಒದ್ದೆ. ಬನ್ನಿ, ಲಾರಿ ಟೈರಿನ ಮೇಲೆ ಹಲಗೆಯಿಟ್ಟು ಮಾಡಿದ ಈ ಬೆಂಚಿನಲ್ಲಿ ಕೂತು ನೋಡೋಣ.

ಬಿಳಿ ಅಂಬಾಸಿಡರ್ ಬಂದು ನಿಲ್ಲುತ್ತದೆ. ಇಳಿದ ಗೌಡರಿಗೆ ಎಪ್ಪತ್ತರ ಮೇಲಿರಬಹುದು. ಎಂಜಿನ್ ಬಂದ್ ಮಾಡಬೇಡಿ ಎಂದು ಮೇಸ್ತ್ರಿ ಕೈಸನ್ನೆ ಮಾಡಿ, ಬಾನೆಟ್ಟಿಗೆ ಕಿವಿಕೊಟ್ಟು ನಿಲ್ಲುತ್ತಾರೆ. ಎಂಜಿನ್ನಿನ ಗುಡುಗುಡು ಸದ್ದಿನ ಅಡಿಯಲ್ಲಿ, ಒಣಗಿದ ಬಾವಿಯ ರಾಟೆಯಂಥ ಕಿರಕಿರ ಇನ್ನೊಂದಿದೆ. ಒದ್ದೆ ನೆಲದಲ್ಲಿ ಹನಿ ಗುರುತು ಹತ್ತುವುದಿಲ್ಲವೆಂದು ಹುಡುಗ ಒಂದು ರಟ್ಟು ತಂದು ಕಾರಿನ ಮೂತಿಯ ಕೆಳಗೆ ಹಾಸುತ್ತಾನೆ. ನಾವು ನೋಡುತ್ತಿರುವಂತೆಯೇ ರಟ್ಟಿನ ಮೇಲೆ ಒಂದು ಕಂದು ಚುಕ್ಕೆ, ಅದರ ಪಕ್ಕ ಇನ್ನೊಂದು, ಆಮೇಲೆ ಎರಡೂ ಕೂಡಿ ಒಂದು ರೂಪಾಯಿಯಷ್ಟಗಲದ ಕಲೆ.

ಈಗ ಎಂಜಿನ್ ಬಂದ್. ಮೇಸ್ತ್ರಿ ಫ್ಯಾನಿನ ಎದುರುಬದುರಿನ ಎರಡು ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸುತ್ತಾರೆ. ಗಟ್ಟಿಯಾಗಿ ನಿಲ್ಲಬೇಕಾದದ್ದು ಬೀಳುವ ಹಾಲುಹಲ್ಲಿನಂತೆ ಅಲುಗುತ್ತದೆ. “ನೋಡಿ ಗೌಡ್ರೆ, ಬೇರಿಂಗ್ ಹೋಗಿದೆ. ಪಂಪೇ ಲೀಕು. ಹೋಸ್ ಅಲ್ಲ.”

ಈ ಕಾರಿನಲ್ಲಿ ಫ್ಯಾನು ಕೂತಿರುವುದೇ ವಾಟರ್ ಪಂಪಿನ ಮೂತಿಯ ಮೇಲೆ. ಒಂದೇ ದಂಡದ ಈ ತುದಿಯಲ್ಲಿ ಫ್ಯಾನು, ಆ ತುದಿಯಲ್ಲಿ ನೀರು ತಳ್ಳುವ ಚಕ್ರ, ನಡುವೆ ಬೇರಿಂಗು. ನೀರು ಬೇರಿಂಗಿಗೆ ಹೋಗದಂತೆ ತಡೆಯುವುದು ಸ್ಪ್ರಿಂಗ್ ಒತ್ತಿ ಹಿಡಿದ ಸಣ್ಣದೊಂದು ಸೀಲು. ಅದು ಸವೆದಾಗ ಒಳನುಗ್ಗಿದ ನೀರು ಬೇರಿಂಗನ್ನು ಮುಟ್ಟುವ ಮೊದಲೇ ಹೊರಬೀಳಲೆಂದು, ಪಂಪಿನ ಹೊಟ್ಟೆಯಡಿ ಪೆನ್ಸಿಲ್ ತುದಿಯಷ್ಟು ಒಂದು ತೂತು ಬಿಟ್ಟಿದ್ದಾರೆ. ಆ ತೂತಿನಿಂದ ಕೆಳಗೆ ತುಕ್ಕಿನ ಗೆರೆಯೊಂದು ಇಳಿದಿದೆ. ಇದು ಇವತ್ತಿನ ಹನಿಯಲ್ಲ. ತಿಂಗಳುಗಟ್ಟಲೆ ಪಂಪು ಹೇಳುತ್ತಲೇ ಬಂದದ್ದು ಎಂದು ಆ ಗೆರೆಯ ಉದ್ದ ನೋಡಿದರೇ ತಿಳಿಯುತ್ತದೆ. ಸೋರುವ ತೂತಿಗೆ ಎಂಸೀಲ್ ಮೆತ್ತಿ ಮುಚ್ಚಿಸಿಕೊಂಡು ಬರುವವರಿದ್ದಾರಂತೆ. ನೀರಿಗೆ ದಾರಿ ಕಟ್ಟಿದರೆ ಅದು ಬೇರಿಂಗಿಗೇ ನುಗ್ಗುತ್ತದೆ. ಆಮೇಲೊಂದು ದಿನ ಘಾಟಿಯ ನಡುವೆ ದಂಡ ಮುರಿದು, ಫ್ಯಾನು ಹೋಗಿ ರೇಡಿಯೇಟರನ್ನೇ ಸೀಳಬಹುದು.

ಎಂಜಿನ್ ಆರುವವರೆಗೆ ಕೆಲಸವಿಲ್ಲ. ಇದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಊರು. ಪಾತ್ರೆಯಲ್ಲಿಟ್ಟ ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಟ್ಟು ಒಳಗಿನ ನೀರನ್ನು ಕುದಿಯದಂತೆ ನೋಡಿಕೊಳ್ಳುತ್ತದೆ. ಬಿಸಿಯಲ್ಲೇ ಅದನ್ನು ತಿರುಗಿಸಿದರೆ ನೀರು ಮುಖಕ್ಕೇ ಚಿಮ್ಮುತ್ತದೆ. ಮೇಸ್ತ್ರಿಯ ಮುಂಗೈಯಲ್ಲಿ ಬಿಳಿಚಿಕೊಂಡ ಹಳೆಯ ಗಾಯವೊಂದಿದೆ; ಅದಕ್ಕೇ ಇರಬೇಕು, ಹುಡುಗನನ್ನು ಅವರು ಬಾನೆಟ್ಟಿನ ಹತ್ತಿರಕ್ಕೂ ಬಿಡುತ್ತಿಲ್ಲ. ಟೀ ಬರುತ್ತದೆ. ಗೌಡರು ಕಾರಿನ ಕಥೆ ತೆಗೆಯುತ್ತಾರೆ: ತಂದೆಯ ಕಾಲದ ಗಾಡಿ, 1489 ಸಿಸಿಯ ಪೆಟ್ರೋಲ್ ಎಂಜಿನ್ನು, ತೋಟದ ಬಾಣಂತಿಯರನ್ನೆಲ್ಲ ಆಸ್ಪತ್ರೆಗೆ ಹೊತ್ತದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಅದಕ್ಕೇ ಹೊಸ ಪಂಪಿಗಾಗಿ ಮೇಸ್ತ್ರಿ ಹಾಸನಕ್ಕೆ ಎರಡು ಫೋನು ಮಾಡಬೇಕಾಯಿತು; ಎಂಜಿನ್ ಆರುವಷ್ಟರಲ್ಲಿ ಅದು ಬಸ್ಸಿನಲ್ಲಿ ಬಂದಿದೆ.

ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದ್ದೇ ಕಾಸಿದ ಟೀಯ ಬಣ್ಣದ ನೀರು ಬಾಂಡ್ಲಿಗೆ ಸುರಿಯುತ್ತದೆ. ವರ್ಷಗಟ್ಟಲೆ ಬರಿಯ ಬಾವಿ ನೀರು ಹಾಕಿದ್ದಕ್ಕೆ ಬೀಡುಕಬ್ಬಿಣದ ಎಂಜಿನ್ ಒಳಗೊಳಗೇ ತುಕ್ಕು ಹಿಡಿದಿದೆ. ಸೀಲನ್ನು ಉಜ್ಜಿ ತಿಂದದ್ದರಲ್ಲಿ ಆ ತುಕ್ಕಿನ ಪುಡಿಯ ಪಾಲೂ ಉಂಟು. ಹೋಸು ಬಿಚ್ಚಿ, ರೇಡಿಯೇಟರನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಹೊರಗಿಡುತ್ತಾರೆ. ಡೈನಮೋ ಸಡಿಲಿಸಿ ಬೆಲ್ಟು ಜಾರಿಸಿದ್ದಾಯಿತು, ಫ್ಯಾನು ಬಂತು, ಪುಲ್ಲಿ ಬಂತು. ಉಳಿದದ್ದು ಪಂಪಿನ ನಾಲ್ಕು ಬೋಲ್ಟು. ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಎಣ್ಣೆ ಬಿಟ್ಟು ಕಾಯಬೇಕಾಯಿತು.

ಇನ್ನು ಮುಂದಿನದನ್ನು ಹತ್ತಿರದಿಂದ ನೋಡಬೇಕು. ಪಂಪು ಕೂತಿದ್ದ ಜಾಗದಲ್ಲಿ ಹಳೆಯ ಪ್ಯಾಕಿಂಗು ದೋಸೆಯ ತಳ ಹತ್ತಿದಂತೆ ಅಂಟಿಕೊಂಡಿದೆ. ಮೇಸ್ತ್ರಿ ಬ್ಲೇಡಿನಿಂದ ಅದನ್ನು ಎಬ್ಬಿಸುತ್ತಾರೆ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಾರೆ, ಬೆರಳ ತುದಿಯಾಡಿಸಿ ನೋಡುತ್ತಾರೆ, ಮತ್ತೆ ಕೆರೆಯುತ್ತಾರೆ. ಬಿಚ್ಚಲು ಇಷ್ಟು ಹೊತ್ತು ಹಿಡಿಯಲಿಲ್ಲ. ಹೊಸ ಪಂಪಿನ ಜೊತೆ ಬಂದ ಪ್ಯಾಕಿಂಗು ಅವರಿಗೆ ಒಪ್ಪಿಗೆಯಾಗಿಲ್ಲ. ಪ್ಯಾಕಿಂಗ್ ಕಾಗದವನ್ನು ಪಂಪಿನ ಬಾಯಿಗೆ ಹೊದಿಸಿ, ಸಣ್ಣ ಸುತ್ತಿಗೆಯ ಗುಂಡುತಲೆಯಿಂದ ಅಂಚಿನುದ್ದಕ್ಕೂ ಟಕ್ ಟಕ್ ಎಂದು ತಟ್ಟುತ್ತಾ ಹೋಗುತ್ತಾರೆ. ಕತ್ತರಿಯಿಲ್ಲ, ಅಳತೆಯಿಲ್ಲ, ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸಿಕೊಡುತ್ತದೆ. ಕೊನೆಗೆ ಬೋಲ್ಟಿನ ನಾಲ್ಕು ತೂತುಗಳ ಬಿಲ್ಲೆಗಳು ಉದುರಿ, ಕಾಗದ ಪಂಪಿನದೇ ನೆರಳೆಂಬಂತೆ ಅವರ ಅಂಗೈಗೆ ಬರುತ್ತದೆ. ಗೌಡರು ಅದನ್ನು ಬೆಳಕಿಗೆ ಹಿಡಿದು, ಮಾತಿಲ್ಲದೆ ಹಿಂತಿರುಗಿಸುತ್ತಾರೆ.

ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯುವುದಿಲ್ಲ. ಈ ಮೂಲೆಗೆ ಒಂದಿಷ್ಟು, ಎದುರು ಮೂಲೆಗೆ ಒಂದಿಷ್ಟು, ಹೀಗೆ ಮೂರು ಸುತ್ತು. ಬೆಲ್ಟು ಏರಿಸಿ ಹೆಬ್ಬೆರಳಿನಿಂದ ಒತ್ತುತ್ತಾರೆ. ಅರ್ಧ ಇಂಚು ತಗ್ಗಿದರೆ ಸರಿ. “ಇನ್ನೂ ಟೈಟು ಬೇಡ ಕಣೋ, ಹೊಸ ಬೇರಿಂಗ್ ಕೂಡ ಎಳೆದು ತಿಂದುಬಿಡುತ್ತೆ,” ಎಂದು ಹುಡುಗನಿಗೆ ಹೇಳುತ್ತಾ ಅವನ ಬೆರಳನ್ನೂ ಅಲ್ಲಿಡಿಸುತ್ತಾರೆ. ತೊಳೆದ ರೇಡಿಯೇಟರಿಗೆ ಈ ಸಲ ಅರ್ಧ ಹಸಿರು ಕೂಲೆಂಟು, ಅರ್ಧ ಶುದ್ಧ ನೀರು. ಚೆಲ್ಲಿದ ಹನಿಗಳನ್ನು ಹುಡುಗ ಆಗಲೇ ತೊಳೆಯುತ್ತಾನೆ: ಅದು ಸಿಹಿ, ನಾಯಿ ನೆಕ್ಕೀತು, ನೆಕ್ಕಿದರೆ ಉಳಿಯುವುದು ಕಷ್ಟ.

ಎಂಜಿನ್ ಶುರುವಾಗುತ್ತದೆ. ಕಿರಕಿರವಿಲ್ಲ. ಮೇಲಿನ ಹೋಸಿನ ಮೇಲೆ ಅಂಗೈಯಿಟ್ಟು ಮೇಸ್ತ್ರಿ ಕಾಯುತ್ತಾರೆ. ಥರ್ಮೋಸ್ಟಾಟ್ ಬಾಯಿ ತೆರೆದೊಡನೆ ತಣ್ಣಗಿದ್ದ ರಬ್ಬರು ಬಿಸಿಯೇರಿ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಕೆಳಗೆ ಹೊಸ ರಟ್ಟು. ಗೌಡರು ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ ಬಗ್ಗಿ ನೋಡುತ್ತಾರೆ. ಹತ್ತು ನಿಮಿಷ ಕಳೆದರೂ ರಟ್ಟು ಒಣಗಿಯೇ ಇದೆ.

“ಹಳೇದು ಇಲ್ಲೇ ಬಿಡಲಾ?”

“ಬೇಡ ಗೌಡ್ರೆ, ಬಾಡಿ ಚೆನ್ನಾಗಿದೆ. ಕಿಟ್ ತರಿಸಿ ಬೇರಿಂಗು, ಸೀಲು ಹಾಕಿಕೊಡ್ತೀನಿ. ನಾಳೆ ಹೊಸದು ಸಿಕ್ಕದೆ ಹೋದ್ರೆ?”

ಹುಡುಗ ಅದನ್ನು ಗೋಣಿಚೀಲದ ತುಂಡಿನಲ್ಲಿ ಸುತ್ತಿ ಡಿಕ್ಕಿಯ ಮೂಲೆಯಲ್ಲಿ, ಸ್ಟೆಪ್ನಿಯ ಪಕ್ಕಕ್ಕೆ ಇಡುತ್ತಾನೆ.