ತೂಕವಿಲ್ಲದ ತಾಣದಲ್ಲಿ ಬ್ಯಾಕ್ಟೀರಿಯ

ಮಾನವನು ಅಂತರಿಕ್ಷಕ್ಕೆ ಒಂಟಿಯಾಗಿ ಹೋಗುವುದಿಲ್ಲ. ಅವನ ಚರ್ಮ, ಬಾಯಿ, ಕರುಳುಗಳಲ್ಲಿ ನೆಲೆಸಿರುವ ಅಸಂಖ್ಯ ಬ್ಯಾಕ್ಟೀರಿಯಗಳೂ ಅವನೊಡನೆ ಪಯಣಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಆದರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಕೆಲವು ರೋಗವನ್ನು ತರಬಲ್ಲವು. ಭೂಮಿಯಲ್ಲಾದರೆ ಆಸ್ಪತ್ರೆಯುಂಟು, ಬದಲಿ ಔಷಧಗಳುಂಟು. ಮಂಗಳ ಗ್ರಹದತ್ತ ತಿಂಗಳುಗಟ್ಟಲೆ ಸಾಗುವ ನೌಕೆಯಲ್ಲಿ ಜೊತೆಗೊಯ್ದ ಔಷಧವೇ ಗತಿ. ಅದು ಫಲಿಸದಿದ್ದರೆ ಗಗನಯಾತ್ರಿಯ ಪ್ರಾಣಕ್ಕೇ ಅಪಾಯ.

ಈ ಆತಂಕ ನಿರಾಧಾರವಾದುದಲ್ಲ. 1982ರಲ್ಲಿ ಸೋವಿಯತ್ ಒಕ್ಕೂಟದ ಸಲ್ಯೂತ್-7 ನಿಲ್ದಾಣದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಯೋಜಿಸಿದ ಪ್ರಯೋಗವೊಂದು ನಡೆಯಿತು. ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯಲು ಭೂಮಿಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಪ್ರತಿಜೈವಿಕ ಔಷಧ ಅಲ್ಲಿ ಬೇಕಾಯಿತು. ಆದರೆ ಅದು ಕೆಲವೇ ದಿನಗಳ ಪ್ರಯೋಗ. ತೂಕರಾಹಿತ್ಯದಲ್ಲಿ ಬಹುಕಾಲ ಬಾಳಿದರೆ ಈ ಪ್ರತಿರೋಧವು ಬ್ಯಾಕ್ಟೀರಿಯಗಳ ಸಂತತಿಗೂ ಇಳಿದುಬರುವುದೇ ಎಂಬ ಪ್ರಶ್ನೆ ಉಳಿಯಿತು.

ಅಂತರಿಕ್ಷ ನಿಲ್ದಾಣವಿರುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವಾಕರ್ಷಣೆ ಇಲ್ಲವೆಂಬುದು ತಪ್ಪು ಕಲ್ಪನೆ. ನೆಲದಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿಯೂ ಉಂಟು. ನಿಲ್ದಾಣವೂ ಅದರೊಳಗಿನ ವಸ್ತುಗಳೂ ಭೂಮಿಯನ್ನು ಸುತ್ತುತ್ತ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ತೋರುವುದಿಲ್ಲ. ಈ ಸ್ಥಿತಿಯ ಕೆಲವು ಪರಿಣಾಮಗಳನ್ನು ನೆಲದ ಮೇಲೆಯೇ ಅನುಕರಿಸಲು ಅಮೆರಿಕದ ನಾಸಾ ಸಂಸ್ಥೆಯಲ್ಲಿ ತಿರುಗುವ ಪಾತ್ರೆಯೊಂದನ್ನು ರೂಪಿಸಿದರು. ಗಾಳಿಗುಳ್ಳೆಗಳಿಲ್ಲದಂತೆ ಪೋಷಕ ದ್ರವದಿಂದ ಪೂರ್ಣವಾಗಿ ತುಂಬಿದ ಈ ಪಾತ್ರೆ ಅಡ್ಡವಾದ ಅಕ್ಷದ ಸುತ್ತ ಸಮವೇಗದಲ್ಲಿ ತಿರುಗುತ್ತದೆ. ಕೆಳಗಿಳಿಯತೊಡಗಿದ ಬ್ಯಾಕ್ಟೀರಿಯವನ್ನು ದ್ರವವು ಮತ್ತೆ ಮೇಲಕ್ಕೊಯ್ಯುತ್ತದೆ. ಹೀಗೆ ಅದು ತಳ ಮುಟ್ಟದೆ, ಹೆಚ್ಚು ಕಲಕಾಟಕ್ಕೂ ಸಿಲುಕದೆ ತೇಲುತ್ತಿರುತ್ತದೆ.

ಹ್ಯೂಸ್ಟನ್ ನಗರದ ವಿಜ್ಞಾನಿಗಳು ಇಂಥ ಪಾತ್ರೆಯಲ್ಲಿ, ಮಾನವನ ಕರುಳಿನಲ್ಲಿ ವಾಸಿಸುವ ಈ ಕೋಲೈ ಎಂಬ ಬ್ಯಾಕ್ಟೀರಿಯವನ್ನು 1000 ತಲೆಮಾರುಗಳವರೆಗೆ ಬೆಳೆಸಿದರು. ಮಾನವನ ಲೆಕ್ಕದಲ್ಲಿ ಅಷ್ಟು ತಲೆಮಾರುಗಳಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವರ್ಷಗಳು ಬೇಕಾದಾವು. ಮೊದಲನೆಯ ಪ್ರಯೋಗದಲ್ಲಿ ಪಾತ್ರೆಗಳನ್ನು ಆಗಾಗ ಹಬೆಯಿಂದ ಶುದ್ಧಗೊಳಿಸಿದರು. ಎರಡನೆಯದರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೈವಿಕವನ್ನು ಬಳಸಿದರು. ಅದರ ಲೇಶಾಂಶ ಪಾತ್ರೆಯಲ್ಲಿ ಉಳಿಯುತ್ತಿತ್ತು.

2019ರಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹವಾಗಿತ್ತು. ಹಬೆಯಿಂದ ಶುದ್ಧಗೊಳಿಸಿದ ಪಾತ್ರೆಯ ಬ್ಯಾಕ್ಟೀರಿಯಗಳು ಯಾವ ಪ್ರತಿರೋಧವನ್ನೂ ಗಳಿಸಲಿಲ್ಲ. ಔಷಧದ ಲೇಶ ಸೋಂಕಿದವು ಆ ಔಷಧವನ್ನಲ್ಲದೆ ಟೆಟ್ರಾಸೈಕ್ಲಿನ್ ಮೊದಲಾದ ಬೇರೆ ಔಷಧಗಳನ್ನೂ ಎದುರಿಸಬಲ್ಲವಾದುವು. ಅವುಗಳ ಆನುವಂಶಿಕ ದ್ರವ್ಯದಲ್ಲಿ 22 ಮುಖ್ಯ ಬದಲಾವಣೆಗಳು ಕಂಡುಬಂದುವು. ಔಷಧವನ್ನೂ ಕೃತಕ ತೂಕರಾಹಿತ್ಯವನ್ನೂ ತೆಗೆದ ಮೇಲೆಯೂ ಕ್ಲೋರಾಂಫೆನಿಕಾಲ್ ಮತ್ತು ಸೆಫಲೋಟಿನ್ ಔಷಧಗಳಿಗೆ ಪ್ರತಿರೋಧವು 110ಕ್ಕೂ ಹೆಚ್ಚು ತಲೆಮಾರುಗಳವರೆಗೆ ಮಾಸದೆ ಉಳಿಯಿತು.

ಇದರ ಕಾರಣ ಸರಳ. ಔಷಧವು ಬ್ಯಾಕ್ಟೀರಿಯಗಳನ್ನೆಲ್ಲ ನಾಶಮಾಡುವಷ್ಟಿಲ್ಲದೆ ಲೇಶಮಾತ್ರವಿದ್ದರೆ ದುರ್ಬಲವಾದವು ಹಿಂದೆ ಬೀಳುತ್ತವೆ. ಆಕಸ್ಮಿಕ ಮಾರ್ಪಾಡಿನಿಂದ ತಡೆದುಕೊಳ್ಳುವ ಶಕ್ತಿ ಪಡೆದವು ವೃದ್ಧಿಸುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ನೊಬೆಲ್ ಉಪನ್ಯಾಸದಲ್ಲಿಯೇ ಸಾಲದಷ್ಟು ಔಷಧ ಸೇವಿಸುವುದರ ಅಪಾಯವನ್ನು ಕುರಿತು ಎಚ್ಚರಿಸಿದ್ದರು.

ಅಂತರಿಕ್ಷದ ಸಲುವಾಗಿ ಕೈಗೊಂಡ ಈ ಅಧ್ಯಯನವು ಕೊನೆಗೆ ಮನೆಮನೆಗೂ ಸಲ್ಲುವ ಪಾಠವನ್ನು ಕಲಿಸಿದೆ. ವೈದ್ಯರ ಸಲಹೆಯಿಲ್ಲದೆ ಪ್ರತಿಜೈವಿಕವನ್ನು ನುಂಗುವುದೂ, ಜ್ವರ ಇಳಿದೊಡನೆ ತಾನಾಗಿಯೇ ನಿಲ್ಲಿಸುವುದೂ ಸಲ್ಲದು. ನೌಕೆಯಲ್ಲಾಗಲಿ ಹಳ್ಳಿಯಲ್ಲಾಗಲಿ, ಅರಿವಿನಿಂದ ಬಳಸಿದ ಔಷಧವಷ್ಟೇ ಆಪತ್ಕಾಲದಲ್ಲಿ ಕೈಹಿಡಿಯುತ್ತದೆ.