ನಾಗವಲ್ಲಿಯ ರಹಸ್ಯ

ಬೀಗ ಜಡಿದ ಕೋಣೆಯುಳ್ಳ ಹಳೆಯ ಮಹಲು. ನಡುರಾತ್ರಿಯಲ್ಲಿ ಗೆಜ್ಜೆಯ ಸಪ್ಪಳ. ಮೇಲಿಂದ ಮೇಲೆ ನಡೆಯುವ ಅನಾಹುತಗಳು. ಇಷ್ಟು ಕೇಳಿದೊಡನೆಯೇ ಇದೊಂದು ದೆವ್ವದ ಕಥೆಯೆಂದು ವಾಚಕರು ಊಹಿಸುವುದು ಸಹಜ. ಮೈಸೂರಿನ ಮಹಲೊಂದರಲ್ಲಿ ನಡೆಯುವ ಕಥೆಯನ್ನುಳ್ಳ ‘ಆಪ್ತಮಿತ್ರ’ ಚಿತ್ರದ ಸ್ವಾರಸ್ಯವಿರುವುದು ಈ ಊಹೆಯನ್ನು ಸುಳ್ಳಾಗಿಸುವುದರಲ್ಲಿಯೇ.

1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’ನ ಕಥೆಯನ್ನು ಕನ್ನಡಕ್ಕೆ ತಂದವರು ನಿರ್ದೇಶಕ ಪಿ. ವಾಸು. ನಿರ್ಮಾಪಕರು ಹುಣಸೂರಿನ ದ್ವಾರಕೀಶ್. ಮನೋವೈದ್ಯ ವಿಜಯನ ಪಾತ್ರ ವಹಿಸಿದ ವಿಷ್ಣುವರ್ಧನ್ ಹುಟ್ಟಿದ್ದೂ ಮೈಸೂರಿನಲ್ಲಿಯೇ. ರಮೇಶ್ ಮತ್ತು ಅವನ ಪತ್ನಿ ಗಂಗಾ ಈ ಮಹಲಿಗೆ ಬಂದು ನೆಲಸುತ್ತಾರೆ. ಹಿಂದೊಮ್ಮೆ ರಾಜನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿಯ ವೃತ್ತಾಂತ ಗಂಗಾಳ ಕಿವಿಗೆ ಬೀಳುತ್ತದೆ. ಮುಚ್ಚಿದ ಬಾಗಿಲು ತೆರೆಯುತ್ತದೆ. ಅಲ್ಲಿಂದ ಮನೆಯ ನೆಮ್ಮದಿ ಕದಡುತ್ತದೆ.

ಅಪರಾಧಿ ಯಾರು? ಸಂದೇಹದ ನೆರಳು ಮೊದಲು ಬೀಳುವುದು ಸೌಮ್ಯಳೆಂಬ ನಿರಪರಾಧಿ ಹುಡುಗಿಯ ಮೇಲೆ. ನಗುಮುಖದ ಸೊಸೆ ಗಂಗಾಳನ್ನು ಯಾರೂ ಶಂಕಿಸುವುದಿಲ್ಲ. ವಿಜಯ ಪತ್ತೆಹಚ್ಚುವ ಸತ್ಯವೇ ಬೇರೆ: ತನಗರಿವಿಲ್ಲದೆ ನಾಗವಲ್ಲಿಯಾಗುತ್ತಿರುವವಳು ಗಂಗಾಳೇ. ಅವಳಲ್ಲಿ ಕಪಟವಿಲ್ಲ, ಕಾಯಿಲೆಯಿದೆ.

ಇಂಥ ಕಥೆಗಳಲ್ಲಿ ವೈದ್ಯನಿಗೂ ಮಾಂತ್ರಿಕನಿಗೂ ಜಗಳ ಹಚ್ಚುವುದು ವಾಡಿಕೆ. ಇಲ್ಲಿ ಅವಿನಾಶ್ ಅಭಿನಯಿಸಿದ ಆಚಾರ್ಯರು ವೈದ್ಯನೊಡನೆ ಕೈಜೋಡಿಸುತ್ತಾರೆ. ದುರ್ಗಾಷ್ಟಮಿಯ ರಾತ್ರಿ ನಾಗವಲ್ಲಿ ರಾಜನೆಂದು ನಂಬಿ ಕಡಿಯುವುದು ಒಂದು ಬೊಂಬೆಯನ್ನು. ಸೇಡು ತೀರಿತೆಂಬ ಸಮಾಧಾನದಲ್ಲಿ ಗಂಗಾ ಮರಳಿ ಗಂಗಾಳಾಗುತ್ತಾಳೆ. ಆ ಎರಡು ಮುಖಗಳಿಗೂ ಜೀವ ತುಂಬಿದ ಸೌಂದರ್ಯ, ತಮ್ಮ ಗೆಲುವನ್ನು ಕಾಣಲಿಲ್ಲ. 2004ರ ಏಪ್ರಿಲ್ 17ರಂದು ಅವರು ವಿಮಾನ ದುರಂತದಲ್ಲಿ ತೀರಿಕೊಂಡರು. ಚಿತ್ರ ತೆರೆಕಂಡದ್ದು ಆಗಸ್ಟ್ ತಿಂಗಳಲ್ಲಿ.

ಬೆಳ್ಳಿತೆರೆಯ ಮೇಲೆ ಒಂದೇ ರಾತ್ರಿಯಲ್ಲಿ ವಾಸಿಯಾದ ರೋಗ ಬಾಳಿನಲ್ಲಿ ಅಷ್ಟು ಸುಲಭವಾಗಿ ವಾಸಿಯಾಗದು. ಒಬ್ಬರ ಮೈಯಲ್ಲಿ ಮತ್ತೊಬ್ಬರು ಹೊಕ್ಕಂತೆ ತೋರುವ ಸ್ಥಿತಿ ಮನೋವೈದ್ಯರಿಗೆ ಪರಿಚಿತವಾದದ್ದೇ. ಅದಕ್ಕೆ ಬೇಕಾದದ್ದು ತಿಂಗಳುಗಟ್ಟಲೆಯ, ಒಮ್ಮೊಮ್ಮೆ ವರ್ಷಗಟ್ಟಲೆಯ, ತಾಳ್ಮೆಯ ಮಾತುಕತೆಯ ಚಿಕಿತ್ಸೆ. ಅಂಥವರು ಕತ್ತಿ ಹಿಡಿದು ಪರರ ಮೇಲೆ ಏರಿಹೋಗುವುದು ಸಿನಿಮಾದಲ್ಲಿ ಹೆಚ್ಚು, ಮನೆಗಳಲ್ಲಿ ಕಡಿಮೆ. ಮನೆಗಳಲ್ಲಿ ಬಹುಮಟ್ಟಿಗೆ ನೋಯುವವರು ರೋಗಿಗಳೇ. ದೆವ್ವ ಬಿಡಿಸುವ ನೆಪದಲ್ಲಿ ಎಷ್ಟೋ ಹೆಣ್ಣುಮಕ್ಕಳು ಬೇವಿನ ಬರಲಿನ ಏಟು ತಿಂದಿದ್ದಾರೆ, ಮೆಣಸಿನಕಾಯಿಯ ಹೊಗೆ ಕುಡಿದಿದ್ದಾರೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಶಾಸನವು ಇಂಥ ಹಿಂಸೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದೆ.

ಮೈಸೂರಿಗೆ ಮನಶ್ಶಾಸ್ತ್ರ ಹೊಸದಲ್ಲ. 1924ರಷ್ಟು ಹಿಂದೆಯೇ ಇಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಆ ವಿಷಯದ ವಿಭಾಗವನ್ನು ಕಟ್ಟಿದರು. ಆದರೂ ಮನೆಯ ಮಗಳೋ ಸೊಸೆಯೋ ಇದ್ದಕ್ಕಿದ್ದಂತೆ ಬೇರೆ ದನಿಯಲ್ಲಿ ಮಾತಾಡಿದಾಗ, ವೈದ್ಯರ ನೆನಪಾಗುವುದು ಇಂದಿಗೂ ಅನೇಕರಿಗೆ ಕೊನೆಯಲ್ಲಿಯೇ. ವಿಜಯನಂಥ ಆಪ್ತಮಿತ್ರನೊಬ್ಬ ಮೊದಲ ದಿನವೇ ಬಾಗಿಲಿಗೆ ಬಂದಿದ್ದರೆ ಎಷ್ಟು ಗಂಗೆಯರು ಪೆಟ್ಟು ತಿನ್ನದೆ ಉಳಿಯುತ್ತಿದ್ದರೋ!